ಹಳೆಯ ಟ್ಯಾಬ್‌ಗೆ ಹೊಸ ಸಿಸ್ಟಮ್: ಹಾಕುವುದೋ, ಬಿಡುವುದೋ?

ಸೆಟ್ಟಿಂಗ್ಸ್ ಮೇಲೆ ಕೆಂಪು ಚುಕ್ಕೆ ಕಾಣಿಸಿಕೊಂಡಿದೆ. ತೆರೆದು ನೋಡಿದರೆ ‘ಹೊಸ ಸಾಫ್ಟ್‌ವೇರ್ ಲಭ್ಯವಿದೆ, ಇನ್‌ಸ್ಟಾಲ್ ಮಾಡಲೇ?’ ಎಂದು ಟ್ಯಾಬ್ ಕೇಳುತ್ತಿದೆ. ಮನೆಯಲ್ಲಿ ಒಬ್ಬರು ‘ಅಪ್‌ಡೇಟ್ ಕೊಡು, ಸ್ಪೀಡ್ ಆಗುತ್ತೆ’ ಎನ್ನುತ್ತಾರೆ. ಇನ್ನೊಬ್ಬರು ‘ಮುಟ್ಟಲೇಬೇಡ, ನಮ್ಮದು ಅಪ್‌ಡೇಟ್ ಆದ ಮೇಲೇ ಹ್ಯಾಂಗ್ ಆಗೋಕೆ ಶುರುವಾಗಿದ್ದು’ ಎನ್ನುತ್ತಾರೆ. ಇಬ್ಬರ ಅನುಭವವೂ ನಿಜವಿರಬಹುದು. ಆದರೆ ಎರಡೂ ನಿಮ್ಮ ಟ್ಯಾಬ್‌ಗೆ ಅನ್ವಯಿಸಬೇಕೆಂದಿಲ್ಲ.

ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿ ಎದ್ದಿರುವುದಕ್ಕೆ ಕಾರಣವಿದೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಟ್ಯಾಬ್ ಕೊಂಡವರಿದ್ದಾರೆ. 2021ರಲ್ಲಿ ನಮ್ಮ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೂ ಟ್ಯಾಬ್ ಹಂಚಲಾಯಿತು. ಆ ಕಾಲದ ಟ್ಯಾಬ್‌ಗಳೆಲ್ಲ ಈಗ ಒಟ್ಟಿಗೆ ಹಳತಾಗುತ್ತಿವೆ. ಮಗಳು ಪಾಠ ಕೇಳಿದ ಟ್ಯಾಬ್‌ನಲ್ಲಿ ಈಗ ಅಜ್ಜಿ ಯಕ್ಷಗಾನ ನೋಡುತ್ತಾರೆ, ಅಪ್ಪ ಪತ್ರಿಕೆ ಓದುತ್ತಾರೆ, ತಮ್ಮ ಗಣಿತದ ವಿಡಿಯೊ ಹಾಕಿಕೊಳ್ಳುತ್ತಾನೆ. ಯಂತ್ರ ಗಟ್ಟಿಯಾಗಿಯೇ ಇದೆ. ಒಳಗಿನ ಸಿಸ್ಟಮ್ ಬದಲಿಸಬೇಕೇ ಎಂಬುದಷ್ಟೇ ತಲೆನೋವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟ್ಯಾಬ್ ನಿಧಾನವಾಗಿದೆ, ಅಪ್‌ಗ್ರೇಡ್ ಮಾಡಿದರೆ ಸರಿಹೋದೀತು ಎಂಬ ಆಸೆಯಿಂದ ಎಂದೂ ಮಾಡಬೇಡಿ. ಇಂಟರ್‌ನೆಟ್, ಇಮೇಲ್, ಹಣದ ವ್ಯವಹಾರ ಅದರಲ್ಲಿ ನಡೆಯುತ್ತಿದ್ದರೆ, ಯಂತ್ರಕ್ಕೆ ತಾಳುವ ಶಕ್ತಿ ಇರುವವರೆಗೂ ಮಾಡಿ. ಒಂದೇ ಒಂದು ನಿಶ್ಚಿತ ಕೆಲಸವನ್ನು ಇಂಟರ್‌ನೆಟ್ ಇಲ್ಲದೆ ಚೆನ್ನಾಗಿ ಮಾಡಿಕೊಂಡಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ಒಂದೇ ಬಟನ್, ಎರಡು ಬೇರೆ ಸಂಗತಿ

‘ಅಪ್‌ಡೇಟ್’ ಎಂದು ಒತ್ತುವ ಬಟನ್ ಹಿಂದೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಈಗಿರುವ ಆವೃತ್ತಿಯಲ್ಲೇ ಕಂಡುಬಂದ ತೂತುಗಳನ್ನು ಮುಚ್ಚುವ ಭದ್ರತಾ ತಿದ್ದುಪಡಿ. ಐಪ್ಯಾಡ್‌ನಲ್ಲಿ ಇದು 15.8.3 ಇದ್ದದ್ದು 15.8.4 ಆಗುವ ಹಾಗೆ ಕೊನೆಯ ಸಂಖ್ಯೆಯನ್ನು ಮಾತ್ರ ಬದಲಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆವೃತ್ತಿಯ ಸಂಖ್ಯೆ ಹಾಗೇ ಇದ್ದು, ‘ಸೆಕ್ಯುರಿಟಿ ಪ್ಯಾಚ್ ಲೆವೆಲ್’ ಎಂಬಲ್ಲಿರುವ ತಿಂಗಳು ಮುಂದಕ್ಕೆ ಹೋಗುತ್ತದೆ. ಇನ್ನೊಂದು, ಆವೃತ್ತಿಯೇ ಬದಲಾಗುವ ದೊಡ್ಡ ಅಪ್‌ಗ್ರೇಡ್: ಆಂಡ್ರಾಯ್ಡ್ 12 ಇದ್ದದ್ದು 13 ಆಗುವುದು, ಐಪ್ಯಾಡ್ 12ರಿಂದ 15ಕ್ಕೆ ಏರುವುದು.

ಮೊದಲನೆಯದನ್ನು ಯೋಚನೆಯಿಲ್ಲದೆ ಹಾಕಿಕೊಳ್ಳಿ. 2015ರಲ್ಲಿ ಆಂಡ್ರಾಯ್ಡ್‌ನ ವಿಡಿಯೊ ತೋರಿಸುವ ಭಾಗದಲ್ಲೇ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಪತ್ತೆಯಾಗಿತ್ತು. ಬಳಕೆದಾರ ಏನನ್ನೂ ತೆರೆಯದಿದ್ದರೂ, ಕುತಂತ್ರದಿಂದ ರೂಪಿಸಿದ ಒಂದು ಎಂಎಂಎಸ್ ಬಂದರೆ ಸಾಧನ ಪರರ ಕೈಸೇರುವ ಅಪಾಯವಿತ್ತು. ಪ್ರತಿ ತಿಂಗಳೂ ಭದ್ರತಾ ತಿದ್ದುಪಡಿ ಪ್ರಕಟಿಸುವ ಪದ್ಧತಿಯನ್ನು ಗೂಗಲ್ ಆರಂಭಿಸಿದ್ದು ಆ ವರ್ಷವೇ. ಆ್ಯಪಲ್ ಕೂಡ ತೀರಾ ಹಳೆಯ ಯಂತ್ರಗಳಿಗೆ ಆಗಾಗ ಇಂಥ ತಿದ್ದುಪಡಿ ಕಳಿಸುತ್ತದೆ. 2013ರ ಐಪ್ಯಾಡ್ ಏರ್‌ಗೆ 2023ರ ಜನವರಿಯಲ್ಲೂ 12.5.7 ಬಂತು, 2014ರ ಐಪ್ಯಾಡ್ ಏರ್ 2ಕ್ಕೆ 2025ರಲ್ಲೂ ತಿದ್ದುಪಡಿ ಸಿಕ್ಕಿತು. ಇವು ಟ್ಯಾಬ್‌ನ ಭಾರ ಹೆಚ್ಚಿಸುವುದಿಲ್ಲ.

ಯೋಚಿಸಬೇಕಾದದ್ದು ಎರಡನೆಯದರ ಬಗ್ಗೆ.

ಅಪ್‌ಗ್ರೇಡ್ ಆದ ಮೇಲೆ ನಿಧಾನ ಏಕೆ?

ಎಲ್ಲಕ್ಕಿಂತ ಮುಖ್ಯ ಕಾರಣ ರ‍್ಯಾಮ್. ಸಿಸ್ಟಮ್ ತನಗೆ ಬೇಕಾದ್ದನ್ನು ಮೊದಲು ತೆಗೆದುಕೊಂಡು, ಮಿಕ್ಕದ್ದನ್ನಷ್ಟೇ ನಿಮ್ಮ ಆಪ್‌ಗಳಿಗೆ ಬಿಡುತ್ತದೆ. ಹೊಸ ಆವೃತ್ತಿ ಬಂದಂತೆ ಅದರ ಪಾಲು ದೊಡ್ಡದಾಗುತ್ತದೆ, ಟ್ಯಾಬ್‌ನ ರ‍್ಯಾಮ್ ಮಾತ್ರ ಕೊಂಡ ದಿನ ಎಷ್ಟಿತ್ತೋ ಅಷ್ಟೇ. ಜಾಗ ಸಾಲದಾದಾಗ ಸಿಸ್ಟಮ್ ಹಿನ್ನೆಲೆಯ ಆಪ್‌ಗಳನ್ನು ಮುಚ್ಚತೊಡಗುತ್ತದೆ. ಪಾಠದ ಪುಟ ಬಿಟ್ಟು ಯೂಟ್ಯೂಬಿಗೆ ಹೋಗಿ ಮರಳಿ ಬಂದರೆ, ಪುಟ ಮತ್ತೆ ಮೊದಲಿನಿಂದ ಲೋಡ್ ಆಗುತ್ತದಲ್ಲ, ಅದು ಈ ಕೊರತೆಯ ಗುರುತು. ಇದು ಈಗಲೇ ಕಾಣಿಸುತ್ತಿದ್ದರೆ ಅಪ್‌ಗ್ರೇಡ್ ಆದ ಮೇಲೆ ಹೆಚ್ಚುತ್ತದೆ.

ಎರಡನೆಯದು ಸ್ಟೋರೇಜ್. ಅಗ್ಗದ ಟ್ಯಾಬ್‌ಗಳಲ್ಲಿ 32 ಜಿಬಿ ಎಂದು ಡಬ್ಬದ ಮೇಲೆ ಬರೆದಿದ್ದರೂ ಸಿಸ್ಟಮ್ ಒಂದೇ ಹತ್ತು ಜಿಬಿಗೂ ಹೆಚ್ಚು ಹಿಡಿದಿರುತ್ತದೆ. ಒಳಗಿನ ಮೆಮೊರಿ ಚಿಪ್‌ಗೆ ಒಂದು ಸ್ವಭಾವವಿದೆ. ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಅದಕ್ಕೆ ಬರುವುದಿಲ್ಲ. ಒಂದು ದೊಡ್ಡ ತುಂಡನ್ನು ಪೂರ್ತಿ ಅಳಿಸಿಯೇ ಹೊಸದನ್ನು ಬರೆಯಬೇಕು. ಖಾಲಿ ತುಂಡುಗಳು ಬೇಕಾದಷ್ಟಿದ್ದರೆ ಕೆಲಸ ಸರಾಗ. ಇಲ್ಲದಿದ್ದರೆ ಇದ್ದದ್ದನ್ನು ಅತ್ತ ಸರಿಸಿ, ಇತ್ತ ಅಳಿಸಿ, ಆಮೇಲೆ ಬರೆಯಬೇಕು. ತುಂಬಿದ ಟ್ಯಾಬ್‌ನಲ್ಲಿ ಒಂದು ಫೋಟೊ ಉಳಿಸುವುದಕ್ಕೂ ಪರದೆ ಗಕ್ಕನೆ ನಿಲ್ಲುವುದು ಇದರಿಂದ. ‘ಟ್ಯಾಬ್ ಹಳೆಯದಾಯ್ತು’ ಎಂದು ಎಸೆಯಲು ಹೊರಟವರು ಐದಾರು ಜಿಬಿ ಖಾಲಿ ಮಾಡಿ ನೋಡಿದರೆ ಅದು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಮೂರನೆಯದು ತಾತ್ಕಾಲಿಕ. ಹೊಸ ಸಿಸ್ಟಮ್ ಬಂದ ಮೊದಲ ಒಂದೆರಡು ದಿನ ಟ್ಯಾಬ್ ಹಿನ್ನೆಲೆಯಲ್ಲಿ ಆಪ್‌ಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಹೊಂದಿಸುತ್ತದೆ, ಫೋಟೊಗಳ ಪಟ್ಟಿಯನ್ನು ಮತ್ತೆ ಮಾಡುತ್ತದೆ. ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ‘ಅಯ್ಯೋ, ಹಾಳಾಯಿತು’ ಎಂದು ಆ ದಿನವೇ ಅಂಗಡಿಗೆ ಓಡುವವರೇ ಹೆಚ್ಚು. ಎರಡು ರಾತ್ರಿ ಚಾರ್ಜಿಗೆ ಹಾಕಿ, ವೈಫೈ ಆನ್ ಇಟ್ಟು ಬಿಟ್ಟುಬಿಡಿ. ಆಮೇಲೆ ಅಳೆಯಿರಿ.

ಒಂದು ಮಾದರಿಗೆ ಸಿಗುವ ಕಟ್ಟಕಡೆಯ ಆವೃತ್ತಿ ಅದಕ್ಕೆ ಅತ್ಯಂತ ಭಾರವಾದದ್ದಾಗಿರುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. 2011ರ ಐಪ್ಯಾಡ್ 2ರಲ್ಲಿದ್ದದ್ದು 512 ಎಂಬಿ ರ‍್ಯಾಮ್; ಐಒಎಸ್ 4.3ರೊಂದಿಗೆ ಬಂದ ಅದು ಐಒಎಸ್ 9ಕ್ಕೆ ಏರಿದ ಮೇಲೆ ಏದುಸಿರು ಬಿಟ್ಟಿತು. 2012ರ ನೆಕ್ಸಸ್ 7 ಆಂಡ್ರಾಯ್ಡ್ 5 ಹಾಕಿದ ಮೇಲೆ ತೆವಳತೊಡಗಿತೆಂದು ಜಗತ್ತಿನ ಎಲ್ಲೆಡೆ ದೂರುಗಳು ಬಂದವು. ಆದರೆ ಇದೊಂದು ನಿಯಮವಲ್ಲ. 2018ರಲ್ಲಿ ಬಂದ ಐಒಎಸ್ 12 ಹಳೆಯ ಯಂತ್ರಗಳ ವೇಗವನ್ನೇ ಗಮನದಲ್ಲಿಟ್ಟು ಮಾಡಿದ್ದು. 1 ಜಿಬಿ ರ‍್ಯಾಮ್‌ನ ಮೊದಲ ಐಪ್ಯಾಡ್ ಏರ್‌ನಲ್ಲಿ 11ಕ್ಕಿಂತ 12 ಚುರುಕಾಗಿತ್ತು. ಹಾಗಾಗಿ ‘ಅಪ್‌ಗ್ರೇಡ್ ಅಂದರೆ ನಿಧಾನ’ ಎಂದು ಕಣ್ಣುಮುಚ್ಚಿ ಹೇಳುವುದೂ ತಪ್ಪು. ನಿಮ್ಮ ಮಾದರಿಯ ಹೆಸರು, ಆವೃತ್ತಿಯ ಸಂಖ್ಯೆ ಎರಡನ್ನೂ ಸೇರಿಸಿ ಹುಡುಕಿ, ಅದೇ ಟ್ಯಾಬ್ ಇಟ್ಟುಕೊಂಡವರು ಏನು ಹೇಳುತ್ತಾರೆಂದು ನೋಡಿ.

ನಿರ್ಧಾರಕ್ಕೆ ಮೊದಲು ಕೇಳಿಕೊಳ್ಳಬೇಕಾದದ್ದು

1. ಈಗ ಯಾವ ಕೆಲಸ ನಿಂತಿದೆ?

ನಿರ್ದಿಷ್ಟವಾಗಿ ಹೆಸರಿಸಿ. ‘ಬ್ಯಾಂಕಿನ ಆಪ್ ತೆರೆಯುತ್ತಿಲ್ಲ’, ‘ಶಾಲೆಯ ಆಪ್ ಇನ್‌ಸ್ಟಾಲ್ ಆಗುತ್ತಿಲ್ಲ’ ಎಂಬುದು ಕಾರಣ. ‘ಸುಮ್ಮನೆ ಹಳೆಯದು ಅನ್ನಿಸುತ್ತಿದೆ’ ಎಂಬುದು ಕಾರಣವಲ್ಲ. ಆಪ್ ತಯಾರಕರು ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಕೈಬಿಡುತ್ತ ಬರುತ್ತಾರೆ. ವಾಟ್ಸಾಪ್ 2025ರಲ್ಲಿ ಆಂಡ್ರಾಯ್ಡ್ 5ಕ್ಕಿಂತ, ಐಒಎಸ್ 15.1ಕ್ಕಿಂತ ಹಳೆಯವನ್ನು ಬಿಟ್ಟಿತು. ಅದೇ ವರ್ಷದ ಆಗಸ್ಟ್‌ನಿಂದ ಹೊಸ ಕ್ರೋಮ್ ಆಂಡ್ರಾಯ್ಡ್ 10 ಅಥವಾ ಅದರ ಮೇಲಿನದಕ್ಕೆ ಮಾತ್ರ.

ವೆಬ್‌ಸೈಟ್‌ಗಳು ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬರುತ್ತಿದ್ದರೆ ಮೊದಲು ಟ್ಯಾಬ್‌ನ ದಿನಾಂಕ ನೋಡಿ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದಿದ್ದ ಟ್ಯಾಬ್‌ನ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಅದನ್ನು ಸರಿಪಡಿಸಿದರೆ ಸೈಟ್‌ಗಳು ತೆರೆಯಬಹುದು. ದಿನಾಂಕ ಸರಿಯಿದ್ದೂ ಹಾಗೇ ಆದರೆ, ಸೈಟ್‌ನ ಗುರುತನ್ನು ಖಾತ್ರಿಪಡಿಸುವ ಸರ್ಟಿಫಿಕೇಟುಗಳು ನಿಮ್ಮ ಸಿಸ್ಟಮ್‌ನಲ್ಲಿ ಹಳತಾಗಿರುವ ಸಾಧ್ಯತೆ ಹೆಚ್ಚು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟನ್ನು ಬಳಸುವ ಅಸಂಖ್ಯ ಸೈಟ್‌ಗಳ ಮಟ್ಟಿಗೆ ಆಂಡ್ರಾಯ್ಡ್ 7.1.1 ಗಡಿರೇಖೆ, ಅದಕ್ಕಿಂತ ಹಳೆಯದರಲ್ಲಿ ಅವುಗಳ ಮೂಲ ಸರ್ಟಿಫಿಕೇಟೇ ಇಲ್ಲ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿರುವುದರಿಂದ, ಹಳೆಯ ಟ್ಯಾಬ್‌ನಲ್ಲಿ ಬೇರೆ ಬ್ರೌಸರ್ ಸೋತಲ್ಲಿ ಅದು ಗೆಲ್ಲುವುದುಂಟು.

2. ಬೇಡ ಎಂದರೆ ಭದ್ರತಾ ತಿದ್ದುಪಡಿ ಮುಂದುವರಿಯುತ್ತದೆಯೇ?

‘ದೊಡ್ಡದು ಬೇಡ, ಚಿಕ್ಕದು ಸಾಕು’ ಎನ್ನುವ ಆಯ್ಕೆ ಬಹುಪಾಲು ನಿಮಗಿಲ್ಲ; ಇದನ್ನು ತಿಳಿಯದೆ ಮೋಸಹೋಗುವವರು ಬಹಳ. ಆಂಡ್ರಾಯ್ಡ್ ತಯಾರಕರು ಒಂದು ಮಾದರಿಗೆ 13 ಕೊಟ್ಟ ಮೇಲೆ ತಿದ್ದುಪಡಿಗಳನ್ನು 13ರ ಮೇಲೆಯೇ ಕೊಡುತ್ತಾರೆ; 12ರಲ್ಲೇ ಕೂತವರಿಗೆ ಅಲ್ಲಿಗೆ ನಿಂತಿತು. ಐಪ್ಯಾಡ್‌ನಲ್ಲೂ ಸಾಮಾನ್ಯವಾಗಿ ಹಾಗೆಯೇ. ಹಳೆಯ ಆವೃತ್ತಿಗಳಿಗೆ ಬರುವ ತಿದ್ದುಪಡಿ, ಮುಂದಕ್ಕೆ ಏರಲಾಗದ ಯಂತ್ರಗಳಿಗೆಂದೇ ಬರುವುದು. ಹೀಗಾಗಿ ಅಪ್‌ಗ್ರೇಡ್ ತಿರಸ್ಕರಿಸುವುದೆಂದರೆ ಆ ದಿನದಿಂದ ಕಾವಲನ್ನೂ ಬಿಟ್ಟುಕೊಟ್ಟಂತೆ. ಆ ಟ್ಯಾಬ್‌ನಲ್ಲಿ ಇಮೇಲ್ ಇದೆಯೇ, ಹಣದ ಆಪ್ ಇದೆಯೇ, ಪಾಸ್‌ವರ್ಡ್‌ಗಳು ಉಳಿದಿವೆಯೇ ಎಂಬುದರ ಮೇಲೆ ಈ ಬೆಲೆ ದುಬಾರಿಯೋ ಅಲ್ಲವೋ ತೀರ್ಮಾನವಾಗುತ್ತದೆ.

3. ಯಂತ್ರ ತಾಳುತ್ತದೆಯೇ?

ಆಂಡ್ರಾಯ್ಡ್ ಟ್ಯಾಬ್‌ನಲ್ಲಿ 2 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇದ್ದರೆ, ಕೆಲಸ ನಿಂತ ಹೊರತು ಮೇಲಕ್ಕೆ ಹೋಗಬೇಡಿ. 3 ಜಿಬಿ ಇದ್ದರೆ ಸ್ಟೋರೇಜ್ ನೋಡಿ ನಿರ್ಧರಿಸಿ. 4 ಜಿಬಿ ಮತ್ತು ಮೇಲಿದ್ದರೆ ಹೆದರಬೇಕಿಲ್ಲ. ಐಪ್ಯಾಡ್ ಕಡಿಮೆ ರ‍್ಯಾಮ್‌ನಲ್ಲೂ ನಡೆದುಕೊಂಡು ಹೋಗುತ್ತದೆ, ಅದಕ್ಕೆ 2 ಜಿಬಿ ಅಡ್ಡಿಯಲ್ಲ. ಇವು ಕಂಪನಿಗಳು ಕೊಟ್ಟ ಅಳತೆಗಳಲ್ಲ, ನಾನು ಅನುಸರಿಸುವ ಲೆಕ್ಕ.

4. ಏನನ್ನು ಕಳೆದುಕೊಳ್ಳುತ್ತೀರಿ?

ಸಂಗೀತ ಕಲಿಯುವ ಮಕ್ಕಳಿರುವ ಮನೆಯಲ್ಲಿ ಹಳೆಯ ಟ್ಯಾಬ್ ಒಂದು ತಂಬೂರಿಯ ಜಾಗದಲ್ಲಿ ಕೂತಿರುತ್ತದೆ. ಅದರಲ್ಲೊಂದು ಶ್ರುತಿ ಆಪ್. ಯಾರೋ ಒಬ್ಬರು ವರ್ಷಗಳ ಹಿಂದೆ ಪ್ರೀತಿಯಿಂದ ಮಾಡಿ ಆಮೇಲೆ ಮುಟ್ಟದೇ ಬಿಟ್ಟದ್ದು. ಅದರ ಪಂಚಮದ ನಾದ ಟೀಚರ್‌ಗೂ ಒಪ್ಪಿಗೆಯಾಗಿದೆ, ಮಗುವಿನ ಕಿವಿಗೂ ಕೂತಿದೆ. ಅಪ್‌ಗ್ರೇಡ್ ಎಂದರೆ ಇಂಥವು ಅಪಾಯಕ್ಕೆ ಸಿಲುಕುತ್ತವೆ. 2017ರಲ್ಲಿ ಐಒಎಸ್ 11 ಬಂದಾಗ 32 ಬಿಟ್‌ನ ಹಳೆಯ ಆಪ್‌ಗಳೆಲ್ಲ ಒಂದೇ ಏಟಿಗೆ ನಿಂತವು. ಆಂಡ್ರಾಯ್ಡ್ 14ರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಕಾಲಕ್ಕೆಂದು ರೂಪಿಸಿದ ಆಪ್ ನಿಮ್ಮಲ್ಲಿ ಮೊದಲೇ ಇದ್ದರೆ ಅಪ್‌ಗ್ರೇಡ್ ನಂತರವೂ ಉಳಿಯುತ್ತದೆ. ಆದರೆ ಒಮ್ಮೆ ಅಳಿಸಿದರೆ ಅಥವಾ ಟ್ಯಾಬನ್ನು ರೀಸೆಟ್ ಮಾಡಿದರೆ ಮತ್ತೆ ಇನ್‌ಸ್ಟಾಲ್ ಮಾಡಲು ಸಿಸ್ಟಮ್ ಬಿಡುವುದಿಲ್ಲ.

ಗಳಿಕೆಯೂ ಇರಬಹುದು. ಐಪ್ಯಾಡ್‌ನಲ್ಲಿ ಆ್ಯಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು ಆ ಐಒಎಸ್ 11ರಿಂದಲೇ. ಇನ್ನೂ 10ರಲ್ಲಿ ಉಳಿದಿರುವ ಐಪ್ಯಾಡ್ ಏರ್ ಅಥವಾ ಮಿನಿ 2 ನಿಮ್ಮಲ್ಲಿದ್ದು, ಅದರಲ್ಲಿ ಕನ್ನಡ ಟೈಪ್ ಮಾಡಬೇಕೆಂದಿದ್ದರೆ, 12ಕ್ಕೆ ಏರಲು ಅದೊಂದೇ ಕಾರಣ ಸಾಕು.

5. ಹಿಂದಕ್ಕೆ ಬರಲು ದಾರಿ ಇದೆಯೇ?

ಇಲ್ಲವೆಂದೇ ತಿಳಿಯಿರಿ. ಐಪ್ಯಾಡ್‌ನಲ್ಲಿ ಯಾವ ಆವೃತ್ತಿಯನ್ನು ಹಾಕಬೇಕಾದರೂ ಆ ಕ್ಷಣದಲ್ಲಿ ಆ್ಯಪಲ್‌ನ ಸರ್ವರ್ ಒಪ್ಪಿಗೆಯ ಸಹಿ ಕೊಡಬೇಕು. ಹೊಸದು ಬಂದ ಕೆಲವು ದಿನ ಅಥವಾ ವಾರಗಳಲ್ಲಿ ಹಳೆಯದಕ್ಕೆ ಸಹಿ ನಿಲ್ಲುತ್ತದೆ, ಆಮೇಲೆ ಫೈಲ್ ನಿಮ್ಮ ಕೈಯಲ್ಲಿದ್ದರೂ ಉಪಯೋಗವಿಲ್ಲ. ಇನ್ನೊಂದು ತೊಡಕು, ನಡುವೆ ಇಳಿಯುವ ಹಾಗಿಲ್ಲ. 12ರಲ್ಲಿರುವ ಏರ್ 2ಕ್ಕೆ 13 ಸಾಕು ಎಂದರೆ ಸಿಗದು, ನೇರ 15ಕ್ಕೇ ಹೋಗಬೇಕು. ಆಂಡ್ರಾಯ್ಡ್‌ನಲ್ಲೂ ಹಲವು ಕಂಪನಿಗಳು ಹಳೆಯದನ್ನು ಮತ್ತೆ ಹಾಕದಂತೆ, ಸಿಸ್ಟಮನ್ನು ಚಾಲೂ ಮಾಡುವ ಬೂಟ್‌ಲೋಡರ್‌ನಲ್ಲೇ ತಡೆ ಇಟ್ಟಿರುತ್ತವೆ.

ಎರಡು ಟ್ಯಾಬ್, ಎರಡು ತೀರ್ಪು

ಐಪ್ಯಾಡ್ ಏರ್ 2. 2014ರ ಅಕ್ಟೋಬರ್‌ನದು, 2 ಜಿಬಿ ರ‍್ಯಾಮ್, ಅದರ ಕೊನೆಯ ನಿಲ್ದಾಣ ಐಪ್ಯಾಡ್‌ಒಎಸ್ 15. ಇದು 12ರಲ್ಲೇ ನಿಂತಿದ್ದರೆ ನನ್ನ ಸಲಹೆ: ಹಾಕಿ. 12ರಲ್ಲಿ ಆಪ್‌ಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ, 15ರಲ್ಲಿ ಇನ್ನೂ ತೆರೆದಿರುವವು ಹೆಚ್ಚು, ಭದ್ರತಾ ತಿದ್ದುಪಡಿಯೂ ಬಂದಿದೆ. ತುಸು ತಡವರಿಸಿದರೂ ಓದಲು, ವಿಡಿಯೊಗೆ, ಬ್ರೌಸಿಂಗ್‌ಗೆ ಅಡ್ಡಿಯಿಲ್ಲ. ಆದರೆ ಅದು 10ರಲ್ಲಿದ್ದು, ಹಳೆಯ 32 ಬಿಟ್ ಶ್ರುತಿ ಆಪ್‌ಗಾಗಿಯೇ ಇಟ್ಟುಕೊಂಡಿದ್ದೀರಾದರೆ ಮುಟ್ಟಬೇಡಿ. ವೈಫೈ ಆಫ್ ಮಾಡಿ, ಆ ಕೆಲಸಕ್ಕೆ ಮೀಸಲಿಡಿ.

ಗ್ಯಾಲಕ್ಸಿ ಟ್ಯಾಬ್ ಎ7 ಲೈಟ್. 2021ರದು, 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್‌ನ ಮಾದರಿ ಬಹಳ ಮನೆಗಳಲ್ಲಿದೆ. ಆಂಡ್ರಾಯ್ಡ್ 11ರೊಂದಿಗೆ ಬಂದ ಇದಕ್ಕೆ 14ರವರೆಗೂ ಸಿಕ್ಕಿತು. ಕೊಂಡಾಗಲೇ ವೇಗದ ಯಂತ್ರವಲ್ಲ. ಹೊಸ ಆವೃತ್ತಿಯಿಂದ ವೇಗ ಬರುವುದಿಲ್ಲ. ಮಕ್ಕಳು ಇಂಟರ್‌ನೆಟ್‌ನಲ್ಲಿ ಓಡಾಡುವ ಟ್ಯಾಬ್ ಇದಾಗಿದ್ದರೆ ಮೇಲಕ್ಕೆ ಹೋಗಿ, ಆದರೆ ಮೊದಲು ಕನಿಷ್ಠ ಎಂಟು ಜಿಬಿ ಖಾಲಿ ಮಾಡಿ. ಫೋಟೊ, ವಿಡಿಯೊಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿ, ಆಡದ ಆಟಗಳನ್ನು ತೆಗೆದುಹಾಕಿ. ಇಷ್ಟನ್ನೂ ಮಾಡಲಾಗದಷ್ಟು ತುಂಬಿದ್ದರೆ ಈಗಲೇ ಬೇಡ.

ಹೆಸರೇ ಕೇಳದ ಕಂಪನಿಯ ಅಗ್ಗದ ಟ್ಯಾಬ್‌ಗಳ ಮಾತು ಬೇರೆ. ಬಹುತೇಕ ಅವುಗಳಿಗೆ ಅಪ್‌ಗ್ರೇಡ್ ಬರುವುದೇ ಇಲ್ಲ, ಹಾಗಾಗಿ ನಿರ್ಧರಿಸುವ ಪ್ರಮೇಯವೂ ಇಲ್ಲ. ಅವುಗಳ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಹಾಕುವುದೇ ಸರಿ ಎಂದಾದರೆ

1. ಬ್ಯಾಕಪ್. ‘ಗೂಗಲ್‌ನಲ್ಲಿ ಎಲ್ಲ ಇದೆ’ ಎಂದು ನೆಚ್ಚಿಕೊಳ್ಳಬೇಡಿ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ. ತುಂಬಿದ ದಿನವೇ ಬ್ಯಾಕಪ್ ನಿಂತಿರುತ್ತದೆ. ಕೊನೆಯ ಬ್ಯಾಕಪ್‌ನ ದಿನಾಂಕವನ್ನು ಕಣ್ಣಾರೆ ನೋಡಿ. ಗೂಗಲ್ ಫೋಟೋಸ್ ಚಿತ್ರ ಮತ್ತು ವಿಡಿಯೊಗಳನ್ನಷ್ಟೇ ಉಳಿಸುತ್ತದೆ, ಧ್ವನಿ ಮುದ್ರಣಗಳನ್ನಲ್ಲ. ಮದುವೆ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದವನ್ನು ಟ್ಯಾಬ್‌ನ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರೆ ಅದು ಆ ಒಂದು ಫೋಲ್ಡರ್‌ನಲ್ಲಿ ಮಾತ್ರ ಇರುತ್ತದೆ. ಮಗು ಬಣ್ಣದ ಆಪ್‌ನಲ್ಲಿ ಬಿಡಿಸಿದ ಚಿತ್ರಗಳು ಎಷ್ಟೋ ಸಲ ಆಪ್‌ನೊಳಗೇ ಇದ್ದು, ಗ್ಯಾಲರಿಗೆ ಬಂದಿರುವುದೇ ಇಲ್ಲ. ಇಂಥವನ್ನು ಒಂದೊಂದಾಗಿ ತೆರೆದು, ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿ, ಅಲ್ಲಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಐಪ್ಯಾಡ್ ಆದರೆ ಕಂಪ್ಯೂಟರಿಗೆ ಜೋಡಿಸಿ ‘ಎನ್‌ಕ್ರಿಪ್ಟ್’ ಆಯ್ಕೆಯೊಂದಿಗೆ ಬ್ಯಾಕಪ್ ತೆಗೆಯಿರಿ; ಉಳಿಸಿದ ಪಾಸ್‌ವರ್ಡ್‌ಗಳೂ ಅದರಲ್ಲಿ ಬರುತ್ತವೆ. ಆ ಬ್ಯಾಕಪ್‌ಗೆ ಕೊಟ್ಟ ಪಾಸ್‌ವರ್ಡ್ ಮರೆತರೆ ಅದನ್ನು ತೆರೆಯಲಾಗದು, ಬರೆದಿಡಿ.

2. ಖಾತೆಯ ಪಾಸ್‌ವರ್ಡ್. ಟ್ಯಾಬ್ ಯಾರ ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿದೆ? ಅನೇಕ ಮನೆಗಳಲ್ಲಿ ಅಂಗಡಿಯವನೇ ಅವಸರದಲ್ಲಿ ಖಾತೆ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಏನಾದರೂ ಎಡವಟ್ಟಾಗಿ, ಸೆಟ್ಟಿಂಗ್ಸ್‌ಗೆ ಹೋಗದೆ ಹೊರಗಿನಿಂದಲೇ ರೀಸೆಟ್ ಮಾಡಬೇಕಾಗಿ ಬಂದರೆ, ಆಂಡ್ರಾಯ್ಡ್ 5.1ರಿಂದ ಈಚೆಗಿನ ಟ್ಯಾಬ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೊಡಲಾಗದಿದ್ದರೆ ಒಳಗೆ ಬಿಡುವುದಿಲ್ಲ. ಕಳ್ಳರಿಗೆಂದು ಇಟ್ಟ ಈ ಬೀಗಕ್ಕೆ ಮಾಲೀಕರೇ ಸಿಕ್ಕಿಬೀಳುತ್ತಾರೆ.

3. ಬ್ಯಾಟರಿ. ಅಂಚಿನಲ್ಲಿ ಪರದೆ ಎದ್ದಿದೆಯೇ, ಮೇಜಿನ ಮೇಲೆ ಇಟ್ಟರೆ ಟ್ಯಾಬ್ ಅಲುಗಾಡುತ್ತದೆಯೇ? ಬ್ಯಾಟರಿ ಊದಿಕೊಂಡಿದೆ. ಅಪ್‌ಗ್ರೇಡ್ ಮರೆತುಬಿಡಿ, ಚಾರ್ಜಿಗೂ ಹಾಕಬೇಡಿ, ಒತ್ತಬೇಡಿ, ರಿಪೇರಿಯವರಿಗೆ ತೋರಿಸಿ. ಸರಿಯಿದ್ದರೆ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿ, ಚಾರ್ಜರ್ ಸಿಕ್ಕಿಸಿಯೇ ಶುರುಮಾಡಿ.

4. ದಾರಿ. ಆಂಡ್ರಾಯ್ಡ್‌ನಲ್ಲಿ ಟ್ಯಾಬ್‌ನಿಂದಲೇ, ವೈಫೈ ಮೂಲಕ. ಡೌನ್‌ಲೋಡ್ ಆಗುವಾಗ ಕರೆಂಟ್ ಹೋಗಿ ವೈಫೈ ನಿಂತರೆ ತೊಂದರೆಯಿಲ್ಲ, ಮತ್ತೆ ಮುಂದುವರಿಯುತ್ತದೆ. ಇನ್‌ಸ್ಟಾಲ್ ಶುರುವಾದ ಮೇಲೆ ಪವರ್ ಬಟನ್ ಒತ್ತಿಹಿಡಿಯಬೇಡಿ. ಪರದೆ ಅರ್ಧ ಗಂಟೆ ಕಪ್ಪಾಗಿದ್ದರೂ ಕಾಯಿರಿ. ಜಾಗ ಕಡಿಮೆಯಿರುವ ಐಪ್ಯಾಡ್ ಆದರೆ ಕಂಪ್ಯೂಟರ್ ಮೂಲಕ ಮಾಡಿ. ಫೈಲ್ ಕಂಪ್ಯೂಟರಿಗೆ ಇಳಿಯುವುದರಿಂದ ಐಪ್ಯಾಡ್‌ನಲ್ಲಿ ಅಷ್ಟು ಖಾಲಿ ಜಾಗ ಬೇಕಾಗುವುದಿಲ್ಲ. ಸಡಿಲ ಕೇಬಲ್ ಮಾತ್ರ ಬೇಡ. ಮಧ್ಯದಲ್ಲಿ ಕೈಕೊಟ್ಟು ಕಂಪ್ಯೂಟರ್ ‘ಅಪ್‌ಡೇಟ್’, ‘ರಿಸ್ಟೋರ್’ ಎಂದು ಎರಡು ಆಯ್ಕೆ ಕೊಟ್ಟರೆ ಮೊದಲು ‘ಅಪ್‌ಡೇಟ್’ ಒತ್ತಿ. ಅದು ನಿಮ್ಮ ಮಾಹಿತಿಯನ್ನು ಉಳಿಸಿಕೊಂಡೇ ಸಿಸ್ಟಮ್ ಹಾಕಲು ನೋಡುತ್ತದೆ. ‘ರಿಸ್ಟೋರ್’ ಎಲ್ಲವನ್ನೂ ಅಳಿಸುತ್ತದೆ.

5. ಸಮಯ. ಪರೀಕ್ಷೆಯ ಹಿಂದಿನ ದಿನ, ಊರಿಗೆ ಹೊರಡುವ ಹೊತ್ತು ಬೇಡ. ಹೊಸ ಆವೃತ್ತಿ ಬಿಡುಗಡೆಯಾದ ಮೊದಲ ವಾರವೂ ಬೇಡ. ಒಂದು ತಿಂಗಳು ಕಾದರೆ ಮೊದಲ ದೋಷಗಳು ಸರಿಹೋಗಿರುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಆಟೋ ಅಪ್‌ಡೇಟ್’ ಆನ್ ಇಟ್ಟು ನಿರ್ಧಾರವನ್ನು ಟ್ಯಾಬ್‌ಗೇ ಬಿಡುವುದು. ರಾತ್ರಿ ಚಾರ್ಜಿಗೆ ಹಾಕಿದ್ದು ಬೆಳಿಗ್ಗೆ ಬೇರೆಯದೇ ಆವೃತ್ತಿಯಲ್ಲಿ ಏಳುತ್ತದೆ. ಹಾಕುವುದಿಲ್ಲ ಎಂದು ನಿರ್ಧರಿಸಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಪುಟದಲ್ಲೇ ಅದನ್ನು ಆಫ್ ಮಾಡಿ.

ಮೆಮೊರಿ ಕಾರ್ಡನ್ನು ಹಿಂದುಮುಂದು ನೋಡದೆ ಹೊರತೆಗೆಯುವುದು. ಆಂಡ್ರಾಯ್ಡ್ 6ರಿಂದ ಕೆಲವು ಟ್ಯಾಬ್‌ಗಳಲ್ಲಿ ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಆಗಿ ಬೆಸೆಯಬಹುದು. ಹಾಗೆ ಬೆಸೆದ ಕಾರ್ಡ್ ಆ ಟ್ಯಾಬ್‌ಗೆ ಮಾತ್ರ ಅರ್ಥವಾಗುತ್ತದೆ. ಟ್ಯಾಬ್ ರೀಸೆಟ್ ಆದರೆ ಕಾರ್ಡಿನಲ್ಲಿದ್ದದ್ದೂ ಹೋದಂತೆಯೇ. ಮೊದಲು ಅದರೊಳಗಿನದನ್ನು ಬೇರೆಡೆ ನಕಲು ಮಾಡಿ.

ಸಿಕ್ಕಸಿಕ್ಕ ಸೈಟಿನಿಂದ ಎಪಿಕೆ (ಆಪ್‌ನ ಇನ್‌ಸ್ಟಾಲ್ ಫೈಲ್) ಇಳಿಸಿ ಹಾಕುವುದು. ಹಳೆಯ ಟ್ಯಾಬ್‌ಗೆ ಬೇಕಾದ ಆಪ್ ಪ್ಲೇ ಸ್ಟೋರ್‌ನಲ್ಲಿ ಸಿಗದಾಗ ಜನ ಹೀಗೆ ಮಾಡುತ್ತಾರೆ. ಭದ್ರತಾ ತಿದ್ದುಪಡಿ ನಿಂತ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಎಲ್ಲಕ್ಕಿಂತ ದೊಡ್ಡದು, ‘ಹೊಸ ಸಾಫ್ಟ್‌ವೇರ್ ಹಾಕಿಸಿ’ ಎಂದು ಅಂಗಡಿಗೆ ಕೊಟ್ಟುಬರುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದವರೆಗೆ ಒಳ್ಳೆಯ ಕೈಗಳಿವೆ, ಪರದೆ ಮತ್ತು ಬ್ಯಾಟರಿ ಬದಲಿಸಲು ಅವರೇ ಬೇಕು. ಆದರೆ ಕಂಪನಿಯೇ ಕೊಡದ ಆವೃತ್ತಿಯನ್ನು ಅವರು ಹಾಕಿದರೆ ಅದು ಬೇರೆಯವರು ಕಟ್ಟಿದ ಸಿಸ್ಟಮ್. ಲಿನಿಯೇಜ್‌ಒಎಸ್‌ನಂಥ ಒಳ್ಳೆಯ ಸಮುದಾಯ ಯೋಜನೆಗಳಿವೆ ನಿಜ. ಕಂಪನಿ ಆಂಡ್ರಾಯ್ಡ್ 6ಕ್ಕೇ ನಿಲ್ಲಿಸಿದ 2013ರ ನೆಕ್ಸಸ್ 7 ಇಂಥವರ ಶ್ರಮದಿಂದ ಮುಂದೆಯೂ ಬದುಕಿತು. ಆದರೆ ಎಲ್ಲ ಮಾದರಿಗೂ ಅದು ಲಭ್ಯವಿಲ್ಲ. ಬೂಟ್‌ಲೋಡರ್ ತೆರೆಯುವಾಗ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಬ್ಯಾಂಕಿನ ಆಪ್‌ಗಳು ಕೆಲಸ ಮಾಡಲು ನಿರಾಕರಿಸಬಹುದು. ಕಲಿಯುವ ಆಸಕ್ತಿ ಇದ್ದವರು ತಾವೇ ಮಾಡಲಿ. ಮನೆಯ ಒಂದೇ ಟ್ಯಾಬ್ ಮೇಲೆ ಈ ಪ್ರಯೋಗ ಬೇಡ.

ಬಿಡುವುದೇ ಸರಿ ಎಂದಾದರೆ

ಟ್ಯಾಬನ್ನು ಎಸೆಯಬೇಕಿಲ್ಲ, ಅದರ ಕೆಲಸ ಬದಲಿಸಬೇಕು. ಹಣದ ಆಪ್, ಮುಖ್ಯ ಇಮೇಲ್, ಉಳಿಸಿದ ಪಾಸ್‌ವರ್ಡ್‌ಗಳನ್ನು ಇವತ್ತೇ ತೆಗೆಯಿರಿ. ಆಮೇಲೆ ಅದು ಪಿಡಿಎಫ್ ಓದಲು, ಇಳಿಸಿಟ್ಟ ಹಾಡು ಕೇಳಲು, ಶ್ರುತಿ ಹಿಡಿಯಲು, ಅಡುಗೆಮನೆಯಲ್ಲಿ ವಿಡಿಯೊ ನೋಡಲು ಇನ್ನೂ ಕೆಲವು ವರ್ಷ ಬಾಳುತ್ತದೆ.

ಹಳೆಯ ಐಪ್ಯಾಡ್‌ಗೆ ಒಂದು ಉಪಯುಕ್ತ ದಾರಿ ಇದೆ. ಆಪ್ ಸ್ಟೋರ್‌ನಲ್ಲಿ ನೇರ ಹುಡುಕಿದರೆ ‘ಹೊಸ ಆವೃತ್ತಿ ಬೇಕು’ ಎಂದು ತಿರಸ್ಕರಿಸುವ ಆಪನ್ನು, ಅದೇ ಆ್ಯಪಲ್ ಖಾತೆ ಇರುವ ಹೊಸ ಐಫೋನ್ ಅಥವಾ ಐಪ್ಯಾಡ್‌ನಲ್ಲಿ ಒಮ್ಮೆ ಇಳಿಸಿ. ಬಳಿಕ ಹಳೆಯದರಲ್ಲಿ ‘ಪರ್ಚೇಸ್ಡ್’ ಪಟ್ಟಿಗೆ ಹೋಗಿ, ಮೋಡದ ಗುರುತು ಒತ್ತಿ. ಹಿಂದಿನ ಹೊಂದುವ ಆವೃತ್ತಿ ಇದ್ದರೆ ‘ಅದನ್ನೇ ಇಳಿಸಲೇ?’ ಎಂದು ಕೇಳುತ್ತದೆ. ಎಲ್ಲ ಆಪ್‌ಗೂ ಇದು ಫಲಿಸದು, ಆದರೆ ಪ್ರಯತ್ನಕ್ಕೆ ಖರ್ಚಿಲ್ಲ.

ಅಪ್‌ಗ್ರೇಡೇ ಬರದ ಅಗ್ಗದ ಟ್ಯಾಬ್‌ಗಳಿಗೂ ಇದೇ ಸಲಹೆ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಿಂದಿನದಾದರೆ ಅದರ ಮೇಲೆ ಪಾಸ್‌ವರ್ಡ್ ಟೈಪ್ ಮಾಡುವುದನ್ನೇ ನಿಲ್ಲಿಸಿ. ವೇಗಕ್ಕೆ ಬೇಕಾದದ್ದು ಎರಡೇ ಕೆಲಸ: ಬೇಡದ ಆಪ್ ಅಳಿಸುವುದು, ಸ್ಟೋರೇಜ್‌ನ ಕಾಲುಭಾಗ ಖಾಲಿ ಇಡುವುದು. ಅದರಿಂದಲೂ ಆಗದಿದ್ದರೆ, ಬ್ಯಾಕಪ್ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ, ಬೇಕಾದ ನಾಲ್ಕು ಆಪ್ ಮಾತ್ರ ಹಾಕಿ. ಆದರೆ ಪ್ಲೇ ಸ್ಟೋರ್‌ನಲ್ಲಿ ಈಗ ಸಿಗದ ಹಳೆಯ ಆಪ್ ಅದರಲ್ಲಿದ್ದರೆ ರೀಸೆಟ್ ಬೇಡ.

ಈಗ ನಿಮ್ಮ ಟ್ಯಾಬ್ ತೆಗೆದುಕೊಳ್ಳಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ‘ಅಬೌಟ್ ಟ್ಯಾಬ್ಲೆಟ್’, ಐಪ್ಯಾಡ್ ಆದರೆ ‘ಜನರಲ್’ ಒಳಗಿನ ‘ಅಬೌಟ್’ ತೆರೆಯಿರಿ. ಮಾದರಿಯ ಹೆಸರು, ಆವೃತ್ತಿಯ ಸಂಖ್ಯೆ, ಉಳಿದಿರುವ ಖಾಲಿ ಜಾಗ, ಆಂಡ್ರಾಯ್ಡ್ ಆದರೆ ಪ್ಯಾಚ್‌ನ ತಿಂಗಳು, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಟ್ಯಾಬ್‌ನ ಕವರಿನೊಳಗೆ ಇಡಿ. ಅದರ ಕೆಳಗೆ, ಈ ಟ್ಯಾಬ್ ಮನೆಯಲ್ಲಿ ನಿಜವಾಗಿ ಮಾಡುತ್ತಿರುವ ಕೆಲಸಗಳನ್ನು ಬರೆಯಿರಿ. ಅವುಗಳಲ್ಲಿ ಹಣವೋ ಇಮೇಲೋ ಇದ್ದು, ಪ್ಯಾಚ್ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ, ಅಪ್‌ಗ್ರೇಡ್ ಮಾಡುವುದೋ ಆ ಕೆಲಸಗಳನ್ನು ಅದರಿಂದ ತೆಗೆಯುವುದೋ, ಎರಡರಲ್ಲೊಂದನ್ನು ಈ ವಾರವೇ ಮಾಡಿ ಮುಗಿಸಿ.